ಪ್ರತಿಕ್ರಿಯೆ: ಕ್ಯಾಮರಾ ಟ್ರ್ಯಾಪ್ ತುಂಬಾ ಬರೀ ಹುಲ್ಲಿನ ಫೋಟೊ

ಕ್ಯಾಮರಾ ಕೆಟ್ಟಿರಲಿಕ್ಕಿಲ್ಲ. ಮುಂಬೈನ ಬೋರಿವಲಿಯ ಸಂಜಯ್ ಗಾಂಧಿ ಪಾರ್ಕಿನಲ್ಲಿ ಅಕ್ಟೋಬರ್‌ನಲ್ಲಿ ಕ್ಯಾಮರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮರಾ) ಕಟ್ಟಿದ್ದೇನೆ, ಚಿರತೆ ಬದಲು ಹುಲ್ಲಿನ ಫೋಟೊಗಳಿಂದಲೇ ಕಾರ್ಡ್ ತುಂಬುತ್ತಿದೆ ಅಂದಿದ್ದೀರಿ. ಮಳೆ ನಿಂತ ಮೇಲೆ ಹುಲ್ಲು ಎತ್ತರ ಇರುತ್ತದೆ, ಬಿಸಿಲೂ ಜಾಸ್ತಿ. ಸೆನ್ಸರ್ ನೋಡುವುದು ಶಾಖದ ವ್ಯತ್ಯಾಸ ಮತ್ತು ಚಲನೆಯನ್ನು, ಪ್ರಾಣಿಯನ್ನಲ್ಲ, ಹಾಗಾಗಿ ಕಾದ ಎಲೆ ಗಾಳಿಗೆ ಅಲುಗಾಡಿದರೂ ಅದಕ್ಕೆ ಸಾಕು.

ಮೊದಲು ಖಾಲಿ ಫೋಟೊಗಳ ಸಮಯ ನೋಡಿ. ಹೆಚ್ಚಿನವು ಮಧ್ಯಾಹ್ನ 11ರಿಂದ 3ರ ಒಳಗಿದ್ದರೆ ಕಾರಣ ಇದೇ. ರಾತ್ರಿಯೂ ಅಷ್ಟೇ ಇದ್ದರೆ ಬೇರೆ ಏನೋ ಇದೆ, ಕಟ್ಟಿದ ಮರವೇ ತೆಳ್ಳಗಿದ್ದು ಅಲುಗುತ್ತಿರಬಹುದು.

ಆಮೇಲೆ ಕ್ಯಾಮರಾ ಮುಖ ಉತ್ತರಕ್ಕೆ ತಿರುಗಿಸಿ. ಪೂರ್ವ ಪಶ್ಚಿಮ ಬೇಡ, ಬೆಳಿಗ್ಗೆ ಸಂಜೆ ಬಿಸಿಲು ನೇರ ಹೊಡೆಯುತ್ತದೆ. ಚಿರತೆಗಾದರೆ ಕ್ಯಾಮರಾ ಮೊಣಕಾಲೆತ್ತರದಲ್ಲಿ ಕಟ್ಟಿದರೆ ಸಾಕು. ಮುಂದಿನ ಹುಲ್ಲನ್ನು ಸುಮ್ನೆ ಕತ್ತರಿಸಬೇಡಿ, ಅದು ರಾಷ್ಟ್ರೀಯ ಉದ್ಯಾನ, ಅನುಮತಿಪತ್ರದಲ್ಲಿ ಏನಿದೆ ನೋಡಿ ಗಾರ್ಡ್‌ನ ಕೇಳಿ. ಆಗಲ್ಲ ಅಂದರೆ ಬರಿ ನೆಲ ಕಾಣುವ ಕಾಲುದಾರಿಗೆ ಜಾಗ ಬದಲಿಸಿ, ಚಿರತೆಯೂ ಅಲ್ಲೇ ನಡೆಯುವುದು ಅಲ್ವಾ.

ಸೆನ್ಸರ್ ಸೆನ್ಸಿಟಿವಿಟಿ (ಸೂಕ್ಷ್ಮತೆ) ಇಳಿಸುವುದು ಕೊನೆಗೆ. ಇಳಿಸಿದರೆ ಪುನುಗು ಬೆಕ್ಕಿನಂಥ ಚಿಕ್ಕವು ತಪ್ಪಿಹೋಗಬಹುದು. ಬದಲಾಯಿಸಿದ ಮೇಲೆ ನೀವೇ ಬಗ್ಗಿ ಅದರ ಮುಂದೆ ಅಡ್ಡ ಹಾದು ಪರೀಕ್ಷಿಸಿ.

ಈಗಾಗಲೇ ಇರುವ ರಾಶಿಯನ್ನು ಕೈಯಲ್ಲಿ ನೋಡುತ್ತಾ ಕೂರಬೇಡಿ. ಮೆಗಾಡಿಟೆಕ್ಟರ್ ಅನ್ನುವ ಎಐ ಸಾಫ್ಟ್‌ವೇರ್ ಉಚಿತ, ಖಾಲಿ ಫೋಟೊ ಬೇರೆ ಮಾಡುತ್ತದೆ. ಅದು ಖಾಲಿ ಅಂದದ್ದರಲ್ಲೂ ಕೆಲವನ್ನು ತೆರೆದು ನೋಡಿಯೇ ಅಳಿಸಿ. ಪಾರ್ಕಿನೊಳಗೆ ವಾರ್ಲಿ ಆದಿವಾಸಿಗಳ ಪಾಡಾಗಳಿವೆ (ಹಾಡಿಗಳು), ಅಲ್ಲಿನ ಜನ ಬಿದ್ದಿರುವ ಫೋಟೊಗಳನ್ನು ಯಾರಿಗೂ ಕಳಿಸಬೇಡಿ.