ನಿಕ್ಕರ್‌ಗೂ ನ್ಯೂಯಾರ್ಕ್‌ಗೂ ಏನು ನಂಟು?

ಪ್ರಶ್ನೆ: ನಿಕ್ಕರ್, ಬ್ರಾ, ಬನಿಯನ್ ಇವೆಲ್ಲ ಇಂಗ್ಲಿಷಿನಿಂದ ಬಂದ ಮಾತು ಅಂತಾರೆ. ಇಂಗ್ಲಿಷಿಗೆ ಎಲ್ಲಿಂದ ಬಂದವು? ಬ್ರಾ ಕಂಡುಹಿಡಿದವನು ಓಟೊ ಟಿಟ್ಸ್‌ಲಿಂಗ್ ಅನ್ನೋದು ನಿಜವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಟಿಟ್ಸ್‌ಲಿಂಗ್ ಕಥೆ ಬರೀ ತಮಾಷೆ. ಅಂಥ ಮನುಷ್ಯ ಇರಲೇ ಇಲ್ಲ. 1971ರಲ್ಲಿ ವ್ಯಾಲೇಸ್ ರೇಬರ್ನ್ ಎಂಬ ಲೇಖಕ ಸುಮ್ನೆ ನಗಿಸೋಕೆ ಕಟ್ಟಿದ ಹೆಸರು ಅದು. ಹೆಸರಿನಲ್ಲೇ ಪೋಲಿ ಜೋಕ್ ಇದೆ, ಆದರೂ ಜನ ನಂಬಿಬಿಟ್ಟರು!

ಬ್ರಾ ಎಂಬುದು ಬ್ರಾಸಿಯೇರ್‌ನ ಮೊಟಕು ರೂಪ. ಫ್ರೆಂಚರಿಗೆ 'ಬ್ರಾ' ಅಂದರೆ ತೋಳು. ಹಳೆಯ ಕಾಲದಲ್ಲಿ ಆ ಮಾತಿನಿಂದ ಹುಟ್ಟಿದ ಪದ ಸೈನಿಕರ ತೋಳಿನ ಕವಚಕ್ಕೆ ಇತ್ತು. ಆಮೇಲೆ ಅದು ಕುಪ್ಪಸಕ್ಕೂ ಎಳೆಕೂಸಿನ ಅಂಗಿಗೂ ಬಂತು. ಬ್ರಾಗೆ ಫ್ರೆಂಚರು ಹೇಳುವುದೇ ಬೇರೆ, ಸುತಿಯಾಂ-ಗೋರ್ಜ್ ಅಂತ.

ನನಗೆ ಜಾಸ್ತಿ ಇಷ್ಟ ನಿಕ್ಕರ್ ಕಥೆ. 1809ರಲ್ಲಿ ಅಮೆರಿಕದ ವಾಷಿಂಗ್ಟನ್ ಅರ್ವಿಂಗ್ ನ್ಯೂಯಾರ್ಕಿನ ಇತಿಹಾಸವನ್ನು ಲೇವಡಿ ಮಾಡುತ್ತಾ ಒಂದು ಪುಸ್ತಕ ಬರೆದ. ತನ್ನ ಹೆಸರು ಹಾಕಲಿಲ್ಲ. ಡೀಡ್ರಿಕ್ ನಿಕ್ಕರ್‌ಬಾಕರ್ ಎಂಬ ಡಚ್ ಮುದುಕ ಬರೆದದ್ದು ಅಂತ ಹಾಕಿದ. ಪುಸ್ತಕ ಎಷ್ಟು ಹೆಸರು ಮಾಡಿತೆಂದರೆ, ಅಲ್ಲಿನ ಹಳೆಯ ಡಚ್ ಮನೆತನದವರನ್ನೆಲ್ಲ ನಿಕ್ಕರ್‌ಬಾಕರ್ ಅಂತಲೇ ಕರೆಯತೊಡಗಿದರು. ಬಾಸ್ಕೆಟ್‌ಬಾಲ್ ನೋಡುವವರಿಗೆ ಗೊತ್ತಿರುತ್ತೆ, ನ್ಯೂಯಾರ್ಕ್ ನಿಕ್ಸ್ ತಂಡದ ಪೂರ್ತಿ ಹೆಸರೂ ಅದೇ. ಮುಂದೆ ಲಂಡನ್ನಿನ ಚಿತ್ರಗಾರ ಕ್ರೂಕ್‌ಶ್ಯಾಂಕ್ ಇದೇ ಪುಸ್ತಕಕ್ಕೆ ಚಿತ್ರ ಬರೆದ. ಅದರಲ್ಲಿ ಡಚ್ಚರಿಗೆಲ್ಲ ಮೊಣಕಾಲಿನವರೆಗಿನ ದೊಗಲೆ ಚಡ್ಡಿ! ಹಾಗಾಗಿ ಮೊಣಕಾಲ ಕೆಳಗೆ ನೆರಿಗೆ ಹಿಡಿದು ಬಿಗಿಯುವ ಗಂಡಸರ ಚಡ್ಡಿಗೆ ನಿಕ್ಕರ್‌ಬಾಕರ್ಸ್ ಅಂತ ಹೆಸರಾಯಿತು. ಅದೇ ಆಕಾರದ ಹೆಂಗಸರ ಒಳಉಡುಪಿಗೂ ಆ ಹೆಸರು ಅಂಟಿಕೊಂಡು, ಮೊಟಕಾಗಿ ನಿಕ್ಕರ್ಸ್ ಆಯಿತು. ಈಗ ಇಂಗ್ಲೆಂಡಿನಲ್ಲಿ ಅದು ಹೆಂಗಸರದ್ದು ಮಾತ್ರ. ಲಂಡನ್ ಅಂಗಡಿಯಲ್ಲಿ "ನಮ್ಮ ಹುಡುಗನಿಗೆ ನಿಕ್ಕರ್ ಕೊಡಿ" ಅಂದೀರಿ, ಜೋಕೆ.

ಬನಿಯನ್ ಮಾತ್ರ ನಮ್ಮ ಕಡೆಯದೇ. ಗುಜರಾತಿಯಲ್ಲಿ ವಾಣಿಯೊ ಅಂದರೆ ವ್ಯಾಪಾರಿ, ನಮ್ಮ ವಣಿಕ ಇದೆಯಲ್ಲ, ಅದರ ಬಳಗ. ಪೋರ್ಚುಗೀಸರ ಬಾಯಲ್ಲಿ ಅದು ಬನಿಯನ್ ಆಗಿ ಇಂಗ್ಲಿಷರಿಗೆ ದಾಟಿತು. ಅವರು ಮನೆಯಲ್ಲಿ ಹಾಕಿಕೊಳ್ಳುತ್ತಿದ್ದ ಸಡಿಲ ನಿಲುವಂಗಿಗೆ ಆ ಹೆಸರಿಟ್ಟರು. ನಮ್ಮಲ್ಲಿ ಅದು ಅಂಗಿಯ ಒಳಗೆ ಸೇರಿತು. ಆಲದ ಮರಕ್ಕೆ ಇಂಗ್ಲಿಷಿನಲ್ಲಿ ಇರುವುದೂ ಇದೇ ಹೆಸರು.

ಚಡ್ಡಿಯೂ ಈಗ ಇಂಗ್ಲಿಷೇ. ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮ ದೇಶದವರ ಬಾಯಲ್ಲಿದ್ದ 'ಚಡ್ಡೀಸ್' 2019ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೆ ಸೇರಿತು.