ಹಿಮಖಂಡಕ್ಕೆ ಸೇನೆಯ ವಿಮಾನ ಏಕೆ?

ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿ ಸೈನ್ಯಕ್ಕೆ ಪ್ರವೇಶವಿಲ್ಲ ಎಂದು ಓದಿದ್ದೇನೆ. ಆದರೂ ಅಮೆರಿಕದ ಸೇನಾ ವಿಮಾನಗಳು ದಕ್ಷಿಣ ಧ್ರುವಕ್ಕೆ ಹೋಗಿ ಬರುತ್ತವೆ. ಇದು ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ಓದಿದ್ದು ಅರ್ಧ ನಿಜ. 1959ರ ಅಂಟಾರ್ಕ್ಟಿಕ ಒಪ್ಪಂದದ ಮೊದಲ ವಿಧಿಯೇ ಅಲ್ಲಿ ಸೇನಾ ನೆಲೆ, ಕವಾಯತು, ಶಸ್ತ್ರಪರೀಕ್ಷೆಗಳನ್ನು ನಿಷೇಧಿಸಿದೆ. ಅದೇ ವಿಧಿಯ ಎರಡನೆಯ ಭಾಗ ಮಾತ್ರ ಸಂಶೋಧನೆಗಾಗಿ ಸೇನೆಯ ಸಿಬ್ಬಂದಿ, ಸಲಕರಣೆಗಳನ್ನು ಬಳಸಿಕೊಳ್ಳಬಹುದು ಎನ್ನುತ್ತದೆ. ಇಡೀ ಒಪ್ಪಂದದಲ್ಲಿ ನನಗೆ ಬಹಳ ವಿವೇಕದ್ದೆನಿಸಿದ ಸಾಲು ಇದು. ನಮ್ಮ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿಯನ್ನು ಕಟ್ಟುವುದರಲ್ಲೂ ಸೇನೆಯ ಇಂಜಿನಿಯರುಗಳ ದುಡಿಮೆ ಇತ್ತು.

ನೀವು ಹೇಳುವ ವಿಮಾನ ಎಲ್‌ಸಿ-130 ಹರ್ಕ್ಯುಲಿಸ್. ಅಮೆರಿಕದ ವಾಯುಪಡೆಯ ಮೀಸಲು ದಳವಾದ ನ್ಯೂಯಾರ್ಕ್ ಏರ್ ನ್ಯಾಷನಲ್ ಗಾರ್ಡಿನ 109ನೇ ಏರ್‌ಲಿಫ್ಟ್ ವಿಂಗ್ ಇದನ್ನು ಹಾರಿಸುತ್ತದೆ. ಇದಕ್ಕೆ ಚಕ್ರವೂ ಉಂಟು, ಹಿಮದ ಮೇಲೆ ಜಾರುವ ಸ್ಕೀ ಹಲಗೆಯೂ ಉಂಟು. ಕರಾವಳಿಯ ಮ್ಯಾಕ್‌ಮರ್ಡೊ ಕೇಂದ್ರದಿಂದ ಧ್ರುವಕ್ಕೆ ಸುಮಾರು 1,350 ಕಿ.ಮೀ. ಧ್ರುವದ ಕೇಂದ್ರ ಇರುವುದು 2,835 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಹಿಮ ಸ್ಕೀಯನ್ನು ಹಿಡಿದೆಳೆಯುತ್ತದೆ. ಹಾಗಾಗಿ ಮೇಲೇರುವುದೇ ಕಷ್ಟ. ಹಿಂದೆ ವಿಮಾನದ ಪಕ್ಕಕ್ಕೆ ರಾಕೆಟ್ ಕಟ್ಟಿ ಮೇಲೆಬ್ಬಿಸುವುದೂ ಇತ್ತು. ಈಚೆಗೆ ಎಂಟು ಅಲಗಿನ ಪ್ರೊಪೆಲ್ಲರುಗಳು ಬಂದಿವೆ. ಧ್ರುವದಲ್ಲಿ ಇಳಿದ ಮೇಲೂ ಎಂಜಿನ್ ಆರಿಸುವುದಿಲ್ಲ. ಆ ಚಳಿಯಲ್ಲಿ ಒಮ್ಮೆ ನಿಲ್ಲಿಸಿದರೆ ಮತ್ತೆ ಚಾಲೂ ಆಗುವ ಭರವಸೆ ಇರುವುದಿಲ್ಲ. ಪ್ರೊಪೆಲ್ಲರುಗಳು ತಿರುಗುತ್ತಿರುವಾಗಲೇ ಸಿಬ್ಬಂದಿ ಹಿಂಬಾಗಿಲಿನಿಂದ ಸರಕು ಇಳಿಸಿ ಮುಗಿಸಬೇಕು.

ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಹುಡುಕುವ, ಧ್ರುವದಲ್ಲೇ ಇರುವ ಐಸ್‌ಕ್ಯೂಬ್ ವೀಕ್ಷಣಾಲಯದ ಹೆಸರು ಕೇಳಿರುತ್ತೀರಿ. ಸುಮಾರು 2.5 ಕಿ.ಮೀ. ಆಳದ 86 ರಂಧ್ರಗಳನ್ನು ಹಿಮದಲ್ಲಿ ಬಿಸಿನೀರಿನಿಂದ ಕೊರೆದು, ಅವುಗಳೊಳಗೆ 5,160 ಸಂವೇದಕಗಳನ್ನು ಇಳಿಸಿದರು. 2010ರ ಡಿಸೆಂಬರಿನಲ್ಲಿ ಆ ಕೆಲಸ ಮುಗಿಯಿತು. ಕೊರೆಯುವ ಯಂತ್ರಗಳನ್ನೂ ಸಂವೇದಕಗಳನ್ನೂ ಹೊತ್ತು ತಂದದ್ದು ಇವೇ ವಿಮಾನಗಳು. ಸಂಶೋಧನೆಯ ಸುದ್ದಿಯಲ್ಲಿ ಪೈಲಟ್‌ಗಳ, ಸರಕು ಬಿಗಿಯುವವರ ಹೆಸರು ಬರುವುದಿಲ್ಲ ಎಂಬ ಕೊರಗು ನನಗೆ ಯಾವಾಗಲೂ ಇದೆ.

ಖಾಸಗಿ ಕಂಪನಿಗಳೂ ಅಲ್ಲಿ ಹಾರುತ್ತವೆ, ಚಿಕ್ಕ ಶಿಬಿರಗಳಿಗೆ ಅವು ಸಾಕು. ಆದರೆ ಟನ್‌ಗಟ್ಟಲೆ ಸರಕು ಹೊತ್ತು ಹಿಮದ ಮೇಲೆ ಇಳಿಯುವ ದೊಡ್ಡ ವಿಮಾನ ಬೇಕೆಂದರೆ ಹರ್ಕ್ಯುಲಿಸ್ ಬಿಟ್ಟರೆ ಗತಿಯಿಲ್ಲ. ಈ ತಂಡ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ತಾಲೀಮು ಮಾಡಿಯೇ ದಕ್ಷಿಣಕ್ಕೆ ಹೋಗುತ್ತದೆ.

1999ರಲ್ಲಿ ಧ್ರುವದ ವೈದ್ಯೆ ಜೆರ್ರಿ ನೀಲ್ಸನ್ ಅವರಿಗೇ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು. ಅದು ವಿಮಾನ ಇಳಿಯಲಾಗದ ಚಳಿಗಾಲ. ಜುಲೈಯಲ್ಲಿ ವಾಯುಪಡೆ ಔಷಧಗಳನ್ನು ಆಕಾಶದಿಂದಲೇ ಬೀಳಿಸಿತು. ಅಕ್ಟೋಬರ್ 16ರಂದು, ವಾಡಿಕೆಯ ಕಾಲಕ್ಕೆ ಮೊದಲೇ, 109ರ ವಿಮಾನ ಅಲ್ಲಿ ಇಳಿದು ಅರ್ಧ ಗಂಟೆಯೊಳಗೆ ಅವರನ್ನು ಕರೆದುಕೊಂಡು ಹೊರಟಿತು.