ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ್ದೇನೆ, ಏನೂ ತಲೆಗೆ ಹತ್ತುತ್ತಿಲ್ಲ. ಏನು ಮಾಡಲಿ?

ದಿನಕ್ಕೆ ಒಂದೇ ಒಂದು ಲಾಟ್ (ಒಬ್ಬ ರೈತರು ಮಾರಾಟಕ್ಕೆ ತಂದ ಮಾಲಿನ ರಾಶಿ) ಹಿಡಿದು ಕಲಿಯಿರಿ, ಕೆಲಸ ಬಿಡುವ ಯೋಚನೆ ಈಗಲೇ ಬೇಡ. ಮನಸ್ಸು ಒಂದು ಸಲಕ್ಕೆ ನಾಲ್ಕೈದು ಹೊಸ ಸಂಗತಿಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ನಿಮಗೆ ಖರೀದಿದಾರರ ಹೆಸರು, ದರ, ತೇವಾಂಶ, ಹಮಾಲಿ, ಬಿಲ್ಲು ಎಲ್ಲವೂ ಒಟ್ಟಿಗೇ ಹೊಸದು. ಒಂದೊಂದೇ ರೂಢಿಯಾದಂತೆ ಉಳಿದದ್ದಕ್ಕೆ ಜಾಗ ಸಿಗುತ್ತದೆ.

ಮೆಕ್ಕೆಜೋಳದ ಒಂದು ಲಾಟನ್ನು ಗೇಟಿನಿಂದ ರೈತರ ಕೈಗೆ ಹಣ ಸೇರುವವರೆಗೂ ಹಿಂಬಾಲಿಸಿ. ಯಾವ ಚೀಟಿ ಯಾರ ಕೈಗೆ ಹೋಯಿತು ಎಂದು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳಿ. ಸಂಜೆ ಅದರ ಬಿಲ್ಲನ್ನು ಬೇರೆ ಹಾಳೆಯಲ್ಲಿ ನೀವೇ ಲೆಕ್ಕ ಹಾಕಿ, ಅಂಗಡಿಯ ಬಿಲ್ಲಿನ ಜೊತೆ ತಾಳೆ ನೋಡಿ. ವ್ಯತ್ಯಾಸ ಬಂದ ಸಾಲನ್ನೇ ಮರುದಿನ ಕಲಿಯಿರಿ. ಹೊಸಬರು ಹೆಚ್ಚಾಗಿ ಎಡವುವುದು ಎರಡು ಕಡೆ: ಖಾಲಿ ಚೀಲದ ತೂಕ ಕಳೆಯಲು ಮರೆಯುವುದು, ಕೆಜಿಯನ್ನು ಕ್ವಿಂಟಾಲ್ ಮಾಡುವಾಗ ಚುಕ್ಕಿ ತಪ್ಪುವುದು. 4,860 ಕೆಜಿ ಎಂದರೆ 48.60 ಕ್ವಿಂಟಾಲ್.

ಸಂದೇಹಗಳನ್ನು ಗುರುತು ಹಾಕಿಟ್ಟು, ತೂಕ ಮುಗಿದ ಮೇಲೆ ಹಳೆ ಗುಮಾಸ್ತರನ್ನು ಕೇಳಿ: "ಅಣ್ಣಾ, ಇಲ್ಲೀತನಕ ತಿಳೀತು, ಈ ಕಡಿತ ಯಾಕೆ?" ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಗೊತ್ತಾದರೆ ಅವರೂ ಎರಡೇ ಮಾತಲ್ಲಿ ಹೇಳಿಕೊಡುತ್ತಾರೆ. ಊಹಿಸಿ ಖಾತೆಗೆ ಬರೆಯುವುದು ಮಾತ್ರ ಬೇಡವೇ ಬೇಡ, ತಪ್ಪಿದ ಅಂಕಿಗೆ ರೈತರ ದುಡ್ಡು ಹೋಗುತ್ತದೆ.